ಗುಂಪಿನಲ್ಲಿ ಗೋವಿಂದನಾಗಿದ್ದವನ ನಂಬರ್ ಒನ್: ಸ್ಟಾರ್ಮ್‌ಜಿಯ ಮೊದಲ ಆಲ್ಬಂ, ಒಂದು ಪ್ರಕರಣ ಅಧ್ಯಯನ

2015ರ ಫೆಬ್ರವರಿ 25ರ ರಾತ್ರಿ, ಲಂಡನ್ನಿನ ಓ2 ಅರೇನಾದಲ್ಲಿ ಬ್ರಿಟನ್ನಿನ ಸಂಗೀತ ಲೋಕದ ಬ್ರಿಟ್ ಪ್ರಶಸ್ತಿ ಸಮಾರಂಭ. ಅಮೆರಿಕದ ರ‍್ಯಾಪರ್ ಕಾನ್ಯೆ ವೆಸ್ಟ್ ತನ್ನ ಹೊಸ ಹಾಡು ಹಾಡುತ್ತಿದ್ದಾನೆ. ಬೆನ್ನ ಹಿಂದೆ ಕಪ್ಪು ಬಟ್ಟೆ ತೊಟ್ಟ ಹುಡುಗರ ದಂಡು, ಅವರ ನಡುವೆ ಬೆಂಕಿ ಉಗುಳುವ ಯಂತ್ರಗಳು. ಮನೆಯಲ್ಲಿ ಕೂತು ಟಿವಿ ನೋಡುತ್ತಿದ್ದ ಬಹಳ ಮಂದಿಗೆ ಈ ಹುಡುಗರು ಯಾರೆಂದೇ ತಿಳಿಯಲಿಲ್ಲ. ಸ್ಕೆಪ್ಟಾ, ಜೆಎಂಇ, ನಾವಲಿಸ್ಟ್ ಮುಂತಾಗಿ ಅವರೆಲ್ಲ ಲಂಡನ್ನಿನ ಗ್ರೈಮ್ ಎಂಸಿಗಳು, ಅಂದರೆ ಗ್ರೈಮ್ ಎಂಬ ವೇಗದ ಬ್ರಿಟಿಷ್ ರ‍್ಯಾಪ್ ಶೈಲಿಯಲ್ಲಿ ಮೈಕು ಹಿಡಿದು ಹಾಡುವವರು. ತಮ್ಮದೇ ಊರಿನ ಪ್ರಶಸ್ತಿ ವೇದಿಕೆಯನ್ನು ಹತ್ತಲು ಅವರಿಗೆ ಅಮೆರಿಕದವನೊಬ್ಬ ಬಂದು ಕೈಹಿಡಿದು ಕರೆಯಬೇಕಾಯಿತು.

ಆ ದಂಡಿನಲ್ಲಿ ಎಲ್ಲರಿಗಿಂತ ಎತ್ತರದ 21 ವರ್ಷದ ಹುಡುಗನೊಬ್ಬನಿದ್ದ, ಹೆಸರು ಸ್ಟಾರ್ಮ್‌ಜಿ. ತಾನೇ ಹೊರತಂದ ಒಂದು ಇಪಿ (ಕೆಲವೇ ಹಾಡುಗಳ ಚಿಕ್ಕ ಆಲ್ಬಂ), ಹಿಂದಿನ ವರ್ಷ ಸಿಕ್ಕ ಒಂದು ಮೋಬೋ (ಕಪ್ಪು ಮೂಲದ ಸಂಗೀತಕ್ಕೆ ಕೊಡುವ) ಪ್ರಶಸ್ತಿ ಬಿಟ್ಟರೆ ಹೇಳಿಕೊಳ್ಳುವಂಥದ್ದು ಅವನ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಆ ರಾತ್ರಿಯ ನಂತರ ಕೆಲವರು ಅವನನ್ನು ‘ಬ್ಯಾಕಪ್ ಡ್ಯಾನ್ಸರ್’ ಎಂದು ಚುಡಾಯಿಸಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಗುಂಪಿನಲ್ಲಿ ಗೋವಿಂದ.

ಎರಡು ವರ್ಷ ಕಳೆದು ಒಂದು ವಾರವಾಗುವಷ್ಟರಲ್ಲಿ, 2017ರ ಮಾರ್ಚ್ 3ರಂದು, ಅದೇ ಹುಡುಗನ ಮೊದಲ ಆಲ್ಬಂ ‘ಗ್ಯಾಂಗ್ ಸೈನ್ಸ್ ಅಂಡ್ ಪ್ರೇಯರ್’ ಬ್ರಿಟನ್ನಿನ ಆಲ್ಬಂ ಚಾರ್ಟಿನಲ್ಲಿ 1ನೇ ಸ್ಥಾನಕ್ಕೆ ಬಂತು. ಗ್ರೈಮ್ ಆಲ್ಬಂ ಒಂದು ಅಲ್ಲಿಗೆ ಏರಿದ್ದು ಅದೇ ಮೊದಲು. ಇದು ಆದದ್ದು ಹೇಗೆ ಎಂಬುದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ‘ಗ್ರೈಮ್‌ಗೆ ಕಾಲ ಕೂಡಿ ಬಂದಿತ್ತು’ ಅಂತ. ನನಗೆ ಆ ಉತ್ತರ ಸಾಲದು. ಕಾಲ ಅದಕ್ಕೂ ಮೊದಲೇ ಒಮ್ಮೆ ಕೂಡಿ ಬಂದಿತ್ತು, ಆಗ ಕೈಗೆ ಬಂದದ್ದು ಬಾಯಿಗೆ ಬಂದಿರಲಿಲ್ಲ.

ಹಿಂದೆ ಆದದ್ದು

ಗ್ರೈಮ್ ಹುಟ್ಟಿದ್ದು 2000ದ ದಶಕದ ಶುರುವಿನಲ್ಲಿ, ಪೂರ್ವ ಲಂಡನ್ನಿನ ಬೋ ಸುತ್ತಮುತ್ತಲ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ. ನಿಮಿಷಕ್ಕೆ ಸುಮಾರು 140 ಬೀಟ್ ಓಟ, ಹೊಟ್ಟೆಯೊಳಗೆ ಗುದ್ದುವ ಬೇಸ್, ಅಗ್ಗದ ಸಾಫ್ಟ್‌ವೇರಿನಲ್ಲಿ ಮಾಡಿದ ಚೂಪು ಸದ್ದುಗಳು, ಅದರ ಮೇಲೆ ಉಸಿರು ಬಿಡದ ಮಾತು. ಎತ್ತರದ ಕಟ್ಟಡಗಳ ತಾರಸಿಯಲ್ಲಿ ಕದ್ದು ಆಂಟೆನಾ ನೆಟ್ಟು ನಡೆಸುತ್ತಿದ್ದ ರಿನ್ಸ್ ಎಫ್‌ಎಂನಂಥ ಅನಧಿಕೃತ ರೇಡಿಯೋಗಳೇ ಇದರ ಪಾಠಶಾಲೆ. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಮೈಕು ದಾಟುತ್ತಿತ್ತು, ದಾಟುವಾಗ ಹಿಂದಿನವನ ಮಾತಿಗೆ ಏಟು ಕೊಡಬೇಕಿತ್ತು. ಹರದೇಶಿ–ನಾಗೇಶಿ ಸವಾಲು-ಜವಾಬು ಕೇಳಿದವರಿಗೆ ಈ ಹುರುಪನ್ನು ಬಿಡಿಸಿ ಹೇಳಬೇಕಿಲ್ಲ.

2003ರಲ್ಲಿ ಡಿಜ್ಜೀ ರ‍್ಯಾಸ್ಕಲ್ ತನ್ನ 18ನೇ ವಯಸ್ಸಿನಲ್ಲಿ, ಮೊದಲ ಆಲ್ಬಮ್ಮಿಗೇ, ವರ್ಷದ ಅತ್ಯುತ್ತಮ ಆಲ್ಬಮ್ಮಿಗೆ ಬ್ರಿಟನ್ನಿನಲ್ಲಿ ಕೊಡುವ ಮರ್ಕ್ಯುರಿ ಪ್ರಶಸ್ತಿ ಗೆದ್ದ. ಆ ಆಲ್ಬಂ ಚಾರ್ಟಿನಲ್ಲಿ ತಲುಪಿದ ಎತ್ತರ 23ನೇ ಸ್ಥಾನ. ವಿಮರ್ಶಕರು ತಲೆಮೇಲೆ ಹೊತ್ತು ಮೆರೆಸಿದರು, ಅಂಗಡಿಗೆ ಹೋಗಿ ಕೊಂಡವರು ಅಷ್ಟೇನಿಲ್ಲ.

ಆಮೇಲೆ ಬಂತು ಹಾಡು ಹೊರತರುವ ದೊಡ್ಡ ಕಂಪನಿಗಳ, ಅಂದರೆ ದೊಡ್ಡ ಲೇಬಲ್‌ಗಳ ಕಾಲ. 2008–09ರಲ್ಲಿ ಡಿಜ್ಜೀ ರ‍್ಯಾಸ್ಕಲ್, ಟಿಂಚಿ ಸ್ಟ್ರೈಡರ್, ಚಿಪ್‌ಮಂಕ್ ಮೂವರೂ ಸಿಂಗಲ್ (ಬಿಡಿ ಹಾಡುಗಳ) ಚಾರ್ಟಿನಲ್ಲಿ 1ನೇ ಸ್ಥಾನ ಕಂಡರು. ಆದರೆ ಕಂಡದ್ದು ಗ್ರೈಮ್‌ನಿಂದಲ್ಲ. ಡಾನ್ಸ್ ಕ್ಲಬ್ಬಿನ ಬೀಟು, ಪಾಪ್ ಪಲ್ಲವಿ, ನಡುವೆ ಎರಡು ಸಣ್ಣ ರ‍್ಯಾಪ್ ಚರಣ, ಇದು ಆ ಕಾಲದ ಸೂತ್ರ. ಸಿಂಗಲ್ ಓಡಿತು, ಆಲ್ಬಂ ಮಾತ್ರ ಹೊಸಿಲಲ್ಲೇ ನಿಂತಿತು: ಚಿಪ್‌ಮಂಕ್‌ನ ಮೊದಲ ಆಲ್ಬಂ 2ನೇ ಸ್ಥಾನ, ಡಿಜ್ಜೀಯ ನಾಲ್ಕನೆಯದು 3ನೇ ಸ್ಥಾನ. ಇದನ್ನು ಸೋಲು ಎನ್ನಲಾಗದು. ಆದರೆ ಆ ಹಾಡುಗಳನ್ನು ಕೊಂಡವರು ಹಾಡನ್ನು ಕೊಂಡರೇ ಹೊರತು ಹಾಡಿದವನನ್ನಲ್ಲ. ಮುಂದಿನ ಬೇಸಿಗೆಗೆ ಇನ್ನೊಂದು ಹಾಡು, ಇನ್ನೊಂದು ಮುಖ.

ಜೊತೆಗೆ ಪೊಲೀಸರ ಕಾಟ. ಲಂಡನ್ ಮಹಾನಗರ ಪೊಲೀಸರು 2005ರಿಂದ ‘ಫಾರ್ಮ್ 696’ ಎಂಬ ಅಪಾಯ-ಅಂದಾಜು ನಮೂನೆಯನ್ನು ಜಾರಿಯಲ್ಲಿಟ್ಟಿದ್ದರು. ಸಂಗೀತ ಕಾರ್ಯಕ್ರಮ ನಡೆಸುವವರು ಕಲಾವಿದರ ವಿವರ ಬರೆದು ಕೊಡಬೇಕು. ಶುರುವಿನಲ್ಲಂತೂ ಯಾವ ಬಗೆಯ ಸಂಗೀತ, ಬರುವವರು ಯಾವ ಜನಾಂಗದವರು ಎಂಬ ಪ್ರಶ್ನೆಗಳೂ ಅದರಲ್ಲಿದ್ದವು. ಸ್ವಂತ ಊರಿನಲ್ಲಿ ವೇದಿಕೆ ಸಿಗದ ಸಂಗೀತ ರೇಡಿಯೋ ಬಿಟ್ಟು ಯೂಟ್ಯೂಬಿಗೆ ಹೋಯಿತು. 2014ರಲ್ಲಿ ಸ್ಕೆಪ್ಟಾ, ಮೆರಿಡಿಯನ್ ಡ್ಯಾನ್ ಮುಂತಾದವರ ಹಾಡುಗಳು ಹಳೆಯ ಒರಟು ಸದ್ದಿಗೇ ಮರಳಿ ಚಾರ್ಟಿನೊಳಗೆ ಬಂದಾಗ ಆ ಯೂಟ್ಯೂಬ್ ವರ್ಷಗಳ ಫಲ ಕಾಣತೊಡಗಿತು.

ಪಾರ್ಕಿನಲ್ಲಿ ಒಂದು ಕ್ಯಾಮೆರಾ

ಸ್ಟಾರ್ಮ್‌ಜಿಯ ಹುಟ್ಟುಹೆಸರು ಮೈಕೆಲ್ ಒಮಾರಿ ಓವುವೊ. 1993ರಲ್ಲಿ ಹುಟ್ಟಿದ್ದು, ಬೆಳೆದದ್ದು ದಕ್ಷಿಣ ಲಂಡನ್ನಿನ ಥಾರ್ನ್‌ಟನ್ ಹೀತ್ ಕಡೆ. ತಾಯಿ ಘಾನಾ ಮೂಲದವರು, ಮಕ್ಕಳನ್ನು ಒಬ್ಬರೇ ಸಾಕಿದರು. ಓದು ಮುಗಿಸಿ ಸೌತಾಂಪ್ಟನ್ ಕಡೆಯ ತೈಲ ಶುದ್ಧೀಕರಣ ಘಟಕದಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸಕ್ಕಿದ್ದ. ತಿಂಗಳ ಸಂಬಳದ ಆ ಕೆಲಸ ಬಿಟ್ಟು ಬಂದು 2014ರಲ್ಲಿ ‘ಡ್ರೀಮರ್ಸ್ ಡಿಸೀಸ್’ ಎಂಬ ಇಪಿ ಹೊರತಂದ. ಯಾವ ಲೇಬಲ್ಲೂ ಬೆನ್ನಿಗಿಲ್ಲದೆ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ ಮೊದಲ ರ‍್ಯಾಪರ್ ಎನಿಸಿಕೊಂಡದ್ದೂ ಆ ವರ್ಷವೇ.

ಬ್ರಿಟ್ ರಾತ್ರಿಯ ಕುಹಕಕ್ಕೆ ಅವನು ಉತ್ತರ ಕೊಟ್ಟದ್ದು ಸುಮಾರು ಮೂರು ತಿಂಗಳ ಮೇಲೆ, ‘ಷಟ್ ಅಪ್’ ಹಾಡಿನಲ್ಲಿ. ಈ ವಿಡಿಯೋವನ್ನು ಒಮ್ಮೆ ನಿಧಾನವಾಗಿ ನೋಡಬೇಕು. ಒಂದು ಪಾರ್ಕು, ಹಗಲು ಬೆಳಕು, ಅಡಿಡಾಸ್ ಟ್ರ್ಯಾಕ್‌ಸೂಟ್, ಹಿಂದೆ ಹೆಗಲಿಗೆ ಹೆಗಲು ತಾಗಿಸಿ ನಿಂತ ಗೆಳೆಯರು. ಬೀಟು ಕೂಡ ಹೊಸದಲ್ಲ, ಎಕ್ಸ್‌ಟಿಸಿ ಎಂಬ ನಿರ್ಮಾಪಕ 2004ರಲ್ಲಿ ಮಾಡಿದ್ದು, ಗ್ರೈಮ್ ಕೇಳುವವರಿಗೆಲ್ಲ ಬಾಯಿಪಾಠವಾಗಿದ್ದದ್ದು. ಅದರ ಮೇಲೆ ಇವನು ನಗುನಗುತ್ತಲೇ ಬೈಯುತ್ತಾನೆ: ಬ್ರಿಟ್ ವೇದಿಕೆ ಹತ್ತಿದವನು ಬ್ಯಾಕಪ್ ಡ್ಯಾನ್ಸರ್ ಆದರೆ ನಿನ್ನ ವಿಡಿಯೋದಲ್ಲಿ ಸುಮ್ಮನೆ ನಿಂತಿರುವವರೆಲ್ಲ ಏನು ಮತ್ತೆ? ಗೆಳೆಯರು ಪ್ರತಿ ಸಾಲಿನ ಕೊನೆಗೆ ದನಿಗೂಡಿಸುತ್ತಾರೆ, ಮೈಮರೆತು ಕುಣಿಯುತ್ತಾರೆ. ಖರ್ಚು ಎಷ್ಟೆಂದು ಕೇಳಿದರೆ ಕ್ಯಾಮೆರಾ ಬಾಡಿಗೆಗಿಂತ ಹೆಚ್ಚು ಹೇಳಲು ನಾಚಿಕೆಯಾಗಬೇಕು, ಅಂಥ ವಿಡಿಯೋ. ಅದನ್ನು ಕೋಟ್ಯಂತರ ಸಲ ನೋಡಿದರು.

ಅದೇ ವರ್ಷ ಡಿಸೆಂಬರ್ 12ರಂದು, ಅದೇ ಓ2 ಅರೇನಾದಲ್ಲಿ, ಬಾಕ್ಸರ್ ಆಂಥನಿ ಜೋಶುವಾ ರಿಂಗಿಗೆ ಬರುವಾಗ ಸ್ಟಾರ್ಮ್‌ಜಿ ಇದೇ ಹಾಡನ್ನು ಹಾಡಿದ. ಕ್ರಿಸ್‌ಮಸ್ ವಾರದ ನಂಬರ್ ಒನ್ ಆಗಲೆಂದು ಅಭಿಮಾನಿಗಳು ಅಭಿಯಾನವನ್ನೇ ಹೂಡಿದರು. ಸಿಕ್ಕಿದ್ದು 8ನೇ ಸ್ಥಾನ. ಪಾರ್ಕಿನಲ್ಲಿ ನಿಂತು ಬೈದ ಬೈಗುಳಕ್ಕೆ ಇದು ಕಡಿಮೆ ಬೆಲೆಯಲ್ಲ.

ಇಲ್ಲಿ ಯಾವ ಲೇಬಲ್ ಆದರೂ ಹೇಳುವುದು ಒಂದೇ ಮಾತು: ಕಬ್ಬಿಣ ಕಾದಿದೆ, ಬಡಿ, ಮೂರು ತಿಂಗಳಲ್ಲಿ ಆಲ್ಬಂ ಕೊಡು. ಆದರೆ ಅವನಿಗೆ ಹಾಗೆ ಹೇಳುವ ಹಕ್ಕು ಯಾರಿಗೂ ಇರಲಿಲ್ಲ. ಈ ಪ್ರಕರಣದ ಕೀಲಿ ಇರುವುದು ಇಲ್ಲೇ ಎಂದು ನನ್ನ ಅಂದಾಜು.

ಮೌನ

2016ರ ಏಪ್ರಿಲ್‌ನಲ್ಲಿ ‘ಸ್ಕೇರಿ’ ಎಂಬ ಹಾಡು ಬಂತು. ಆಮೇಲೆ ತಿಂಗಳುಗಟ್ಟಲೆ ಸುದ್ದಿಯೇ ಇಲ್ಲ. ದಿನಕ್ಕೆ ಹತ್ತು ಸಲ ಟ್ವೀಟ್ ಮಾಡುತ್ತಿದ್ದವನು ಸಾಮಾಜಿಕ ಜಾಲತಾಣಗಳಿಂದಲೇ ಮಾಯವಾದ. ಒಳಗೆ ನಡೆಯುತ್ತಿದ್ದದ್ದು ಏನೆಂದು ಆಲ್ಬಂ ಬರುವ ಹೊತ್ತಿಗೆ ಚಾನೆಲ್ 4 ನ್ಯೂಸ್‌ಗೆ ತಾನೇ ಹೇಳಿದ: ಖಿನ್ನತೆ. ಆ ಸಂದರ್ಶನ ಬ್ರಿಟನ್ನಿನಲ್ಲಿ ದೊಡ್ಡ ಸುದ್ದಿಯಾಯಿತು. ಆರಡಿ ಮೀರಿದ, ಮೈಕಿನ ಮುಂದೆ ಯಾರಿಗೂ ಜಗ್ಗದ ಒಬ್ಬ ಕಪ್ಪು ಯುವಕ ಟಿವಿಯಲ್ಲಿ ಕೂತು ‘ನಾನು ಕುಸಿದಿದ್ದೆ’ ಎಂಬರ್ಥದ ಮಾತಾಡಿದ್ದನ್ನು ಆ ದೇಶ ಅಷ್ಟಾಗಿ ಕಂಡಿರಲಿಲ್ಲ.

ಆ ತಿಂಗಳುಗಳಲ್ಲಿ ಅವನು ನಿರ್ಮಾಪಕ ಫ್ರೇಸರ್ ಟಿ. ಸ್ಮಿತ್ ಜೊತೆ ಸ್ಟುಡಿಯೋದಲ್ಲಿದ್ದ. ಈ ಜೋಡಿಯಲ್ಲೇ ಒಂದು ಸ್ವಾರಸ್ಯವಿದೆ. ಸ್ಮಿತ್ ಪಾಪ್ ಗಾಯಕಿ ಅಡೆಲ್‌ಗೆ ಹಾಡು ಮಾಡಿಕೊಟ್ಟವರು. ಟಿಂಚಿ ಸ್ಟ್ರೈಡರ್‌ನ 2009ರ ನಂಬರ್ ಒನ್ ಸಿಂಗಲ್‌ನ ಹಿಂದಿದ್ದವರೂ ಅವರೇ. ಅಂದರೆ ಗ್ರೈಮ್ ಹುಡುಗರನ್ನು ಪಾಪ್ ಮಾಡಿದ ಕಾಲದ ಕೈಯೇ ಇಲ್ಲಿಯೂ ಇತ್ತು. ಕೈ ಬದಲಾಗಿರಲಿಲ್ಲ, ಆ ಕೈಗೆ ಕೆಲಸ ಹೇಳುವವರು ಬದಲಾಗಿದ್ದರು.

2017ರ ಫೆಬ್ರವರಿ ಶುರುವಿನಲ್ಲಿ ಲಂಡನ್ನಿನ ಬೀದಿಗಳಲ್ಲಿ ದೊಡ್ಡ ದೊಡ್ಡ ಫಲಕಗಳು ಎದ್ದವು. ಅದರಲ್ಲಿ ಹಾಡಿನ ಸಾಲು, ಆಲ್ಬಮ್ಮಿನ ಹೆಸರಿನ ಮೊದಲಕ್ಷರಗಳು, 24.02 ಎಂಬ ತಾರೀಕು, ಅಷ್ಟೇ. 3ರಂದು ‘ಬಿಗ್ ಫಾರ್ ಯುವರ್ ಬೂಟ್ಸ್’ ಸಿಂಗಲ್ ಬಂತು. ಸರ್ ಸ್ಪೈರೋ ಮಾಡಿದ ಒರಟು, ಶುದ್ಧ ಗ್ರೈಮ್ ಬೀಟು. ವಿಡಿಯೋದಲ್ಲಿ ದಕ್ಷಿಣ ಲಂಡನ್ನಿನವರ ಅಚ್ಚುಮೆಚ್ಚಿನ ಮಾರ್ಲೀಸ್ ಫ್ರೈಡ್ ಚಿಕನ್ ಅಂಗಡಿ. ರೇಡಿಯೋಗೆ ಹೊಂದಲೆಂದು ಒಂದು ಪಾಪ್ ಹಾಡನ್ನು ಮುಂದೆ ಬಿಡಬಹುದಿತ್ತು, ಆಲ್ಬಮ್ಮಿನಲ್ಲಿ ಅಂಥವು ಇದ್ದವು ಕೂಡ. ಅವನು ಬಿಟ್ಟದ್ದು ಇದನ್ನು. ಇದು ಸಿಂಗಲ್ ಚಾರ್ಟಿನಲ್ಲಿ 6ನೇ ಸ್ಥಾನದವರೆಗೆ ಹೋಯಿತು.

ನಡುವೆ ಇನ್ನೊಂದು ಘಟನೆ. ಆ ಫೆಬ್ರವರಿ ಮಧ್ಯದಲ್ಲಿ ಪಶ್ಚಿಮ ಲಂಡನ್ನಿನ ಅವನ ಮನೆಯ ಬಾಗಿಲನ್ನು ಪೊಲೀಸರು ಒಡೆದರು, ಕಳ್ಳತನ ನಡೆಯುತ್ತಿದೆ ಎಂದು ಯಾರೋ ದೂರು ಕೊಟ್ಟಿದ್ದರಂತೆ. ತನ್ನ ಮನೆಗೆ ತಾನೇ ಕನ್ನ ಹಾಕುತ್ತಿರುವಂತೆ ಕಂಡೆ ಎಂದು ಅವನು ಬಿರಿದ ಬಾಗಿಲಿನ ಚಿತ್ರ ಹಾಕಿ ಟ್ವೀಟ್ ಮಾಡಿದ. ಹತ್ತು ದಿನದಲ್ಲಿ ಆಲ್ಬಂ.

ಒಂದು ವಾರದ ಲೆಕ್ಕ

ಬ್ರಿಟನ್ನಿನ ಚಾರ್ಟ್ ವಾರ ಶುಕ್ರವಾರ ಶುರುವಾಗಿ ಗುರುವಾರ ಮುಗಿಯುತ್ತದೆ. ಸ್ಟಾರ್ಮ್‌ಜಿಯ ಆಲ್ಬಂ ಬಂದ ಫೆಬ್ರವರಿ 24 ಶುಕ್ರವಾರ. ಆ ಹೊತ್ತಿಗೆ ಚಾರ್ಟಿನ ನೆತ್ತಿಯ ಮೇಲಿದ್ದದ್ದು ರ‍್ಯಾಗ್‌ನ್‌ಬೋನ್ ಮ್ಯಾನ್‌ನ ‘ಹ್ಯೂಮನ್’. ಬಂದು ಎರಡು ವಾರವಾಗಿತ್ತು, ಮೊದಲ ಬಿಸಿ ಆರುತ್ತಿತ್ತು. ಇತ್ತ ಮಾರ್ಚ್ 3ಕ್ಕೆ ಎಡ್ ಶೀರನ್‌ನ ‘ಡಿವೈಡ್’ ಬರುವುದಿತ್ತು. ಅದು ಬಂದ ಮೊದಲ ವಾರದಲ್ಲೇ 6,72,000 ಪ್ರತಿ ಮಾರಿ ಎದುರಿಗೆ ಬಂದದ್ದನ್ನೆಲ್ಲ ಗುಡಿಸಿ ಹಾಕಿತು. ಈ ಎರಡರ ನಡುವೆ ಇದ್ದದ್ದು ಒಂದೇ ಒಂದು ಶುಕ್ರವಾರ. ಇನ್ನೊಂದು ವಾರ ತಡವಾಗಿದ್ದರೆ ಈ ಪ್ರಕರಣ ಅಧ್ಯಯನವನ್ನು ನಾನು ಬರೆಯುತ್ತಿರಲಿಲ್ಲ.

ಇನ್ನೂ ಚೆಂದದ ಮಾತೆಂದರೆ, ಆಲ್ಬಂ ಬರುವ ಎರಡು ದಿನ ಮೊದಲು, ಫೆಬ್ರವರಿ 22ರ ಬ್ರಿಟ್ ಸಮಾರಂಭದಲ್ಲಿ ಶೀರನ್ ‘ಶೇಪ್ ಆಫ್ ಯೂ’ ಹಾಡುವಾಗ ನಡುವೆ ಬಂದು ರ‍್ಯಾಪ್ ಮಾಡಿದ್ದು ಇದೇ ಸ್ಟಾರ್ಮ್‌ಜಿ. ಈ ಕತೆಯಲ್ಲಿ ಓ2 ಅರೇನಾ ಬರುವುದು ಇದು ಮೂರನೆಯ ಸಲ. ಆಗಲೂ ಹಾಡು ಇನ್ನೊಬ್ಬನದೇ, ಆದರೆ ನಿಂತ ಜಾಗ ಮುಂದಿನ ಸಾಲು. ಮುಂದಿನ ವಾರ ತನ್ನನ್ನು ಕೆಳಗಿಳಿಸಲಿದ್ದವನ ವೇದಿಕೆಯನ್ನೇ ತನ್ನ ಜಾಹೀರಾತು ಮಾಡಿಕೊಂಡ ಹಾಗಾಯಿತು.

ಮೊದಲ ವಾರದ ಮೊತ್ತ 68,000ಕ್ಕಿಂತ ಸ್ವಲ್ಪ ಹೆಚ್ಚು. ‘ಓ, ಅದೆಲ್ಲ ಸ್ಟ್ರೀಮಿಂಗ್ ಮಹಿಮೆ’ ಎಂದು ಮೂಗು ಮುರಿದವರಿದ್ದಾರೆ. ಲೆಕ್ಕ ಹಾಕಿ ನೋಡೋಣ. 2015ರಿಂದ ಬ್ರಿಟನ್ನಿನ ಆಲ್ಬಂ ಚಾರ್ಟಿಗೆ ಸ್ಟ್ರೀಮಿಂಗ್ ಸೇರಿತು. ಆಗಿನ ನಿಯಮದ ಪ್ರಕಾರ 1,000 ಸಲ ಹಾಡು ಕೇಳಿದರೆ ಒಂದು ಮಾರಾಟಕ್ಕೆ ಸಮವಾಗಿತ್ತು. ಆಲ್ಬಮ್ಮಿನಲ್ಲಿ ಅತಿ ಹೆಚ್ಚು ಓಡಿದ ಎರಡು ಹಾಡುಗಳನ್ನು ಪೂರ್ತಿ ಎಣಿಸುತ್ತಿರಲಿಲ್ಲ, ಉಳಿದವುಗಳ ಸರಾಸರಿಗೆ ಇಳಿಸುತ್ತಿದ್ದರು. ಒಂದೇ ಹಿಟ್ ಹಾಡು ಇಡೀ ಆಲ್ಬಮ್ಮನ್ನು ಹೆಗಲ ಮೇಲೆ ಹೊತ್ತು ಏರಿಸಬಾರದು ಎಂಬುದು ಉದ್ದೇಶ. ಹೀಗಿರುವಾಗ 68,000ವನ್ನು ಬರೀ ಸ್ಟ್ರೀಮಿಂಗ್‌ನಿಂದ ಮುಟ್ಟಬೇಕಾದರೆ ಒಂದೇ ವಾರದಲ್ಲಿ 6.8 ಕೋಟಿ ಸಲ ಕೇಳಬೇಕು, ಅದೂ ಎಲ್ಲ ಹಾಡುಗಳಿಗೆ ಹಂಚಿಹೋಗುವಂತೆ. ಅದು ಆಗದ ಮಾತು. ಸಿಡಿ ಕೊಂಡವರು, ಡೌನ್‌ಲೋಡ್‌ಗೆ ದುಡ್ಡು ಕೊಟ್ಟವರು ಸಾಕಷ್ಟಿದ್ದರು. 2009ರ ಹುಡುಗರಿಗೆ ಸಿಗದೇ ಹೋದದ್ದು ಇದೇ: ಹಾಡನ್ನಷ್ಟೇ ಅಲ್ಲ, ಹಾಡಿದವನನ್ನೂ ಕೊಳ್ಳುವ ಜನ.

ಪ್ರಾರ್ಥನೆಯ ಪಕ್ಕದಲ್ಲೇ ಬೈಗುಳ

ಮುಖಪುಟದಿಂದಲೇ ಶುರು ಮಾಡಬೇಕು. ಕ್ರಿಸ್ತನ ಕೊನೆಯ ಊಟದ ಚಿತ್ರದಂತೆ ಉದ್ದನೆಯ ಮೇಜು, ನಡುವೆ ಸ್ಟಾರ್ಮ್‌ಜಿ, ಎರಡೂ ಬದಿಗೆ ಕಣ್ಣಷ್ಟೇ ಕಾಣುವ ಬಾಲಾಕ್ಲಾವಾ ಹಾಕಿದವರು. ಅವನು ಮಾತ್ರ ತನ್ನದನ್ನು ಕಳಚಿ ಕೈಯಲ್ಲಿ ಹಿಡಿದಿದ್ದಾನೆ. ನಮ್ಮಲ್ಲಿ ಚಳಿಗೆ ಅಜ್ಜಂದಿರು ಹಾಕುವ ಮಂಕಿ ಕ್ಯಾಪಿನ ದಾಯಾದಿ ಅದು. ಲಂಡನ್ನಿನ ಬೀದಿಯಲ್ಲಿ ಕಪ್ಪು ಹುಡುಗನ ತಲೆ ಮೇಲೆ ಕಂಡರೆ ಅದಕ್ಕೆ ಬೇರೆಯೇ ಅರ್ಥ ಬರುತ್ತದೆ.

ಹದಿನಾರು ಹಾಡು. ಮೂರನೆಯದು ‘ಬ್ಯಾಡ್ ಬಾಯ್ಸ್’, ಗೆಟ್ಸ್ ಮತ್ತು ಜೆ ಹಸ್ ಜೊತೆಗೆ, ಹೆಸರಿಗೆ ತಕ್ಕಂತೆ ಬೀದಿಯ ಗತ್ತು. ಅದು ಮುಗಿಯುತ್ತಿದ್ದಂತೆ ನಾಲ್ಕನೆಯದು ‘ಬ್ಲೈಂಡೆಡ್ ಬೈ ಯುವರ್ ಗ್ರೇಸ್’ ಮೊದಲ ಭಾಗ. ರ‍್ಯಾಪ್ ಇಲ್ಲ, ಡ್ರಮ್ ಇಲ್ಲ. ಅವನು ಹಾಡುತ್ತಾನೆ, ನಿಜವಾಗಿ ಹಾಡುತ್ತಾನೆ, ತರಬೇತಿ ಇಲ್ಲದ ಗಂಟಲಿನಲ್ಲಿ, ಭಾನುವಾರ ಚರ್ಚಿನಲ್ಲಿ ಹಿಂದಿನ ಬೆಂಚಿನಿಂದ ಕೇಳಿಬರುವ ದನಿಯ ಹಾಗೆ. ದೇವರ ಕೃಪೆಗೆ ಕಣ್ಣು ಕೋರೈಸಿತು ಎಂಬ ಭಾವ. ಎರಡು ನಿಮಿಷದ ಆಸುಪಾಸು ಅಷ್ಟೇ. ಅದರ ಬೆನ್ನಿಗೇ, ಉಸಿರಾಡಲೂ ಬಿಡದೆ, ‘ಬಿಗ್ ಫಾರ್ ಯುವರ್ ಬೂಟ್ಸ್’. ಮೊದಲ ಸಲ ಹೆಡ್‌ಫೋನ್ ಹಾಕಿ ಕೇಳಿದಾಗ ಈ ಜಾಗದಲ್ಲಿ ನಾನು ಫೋನ್ ತೆಗೆದು ನೋಡಿದ್ದೆ, ಷಫಲ್ ಆನ್ ಆಗಿದೆಯೇನೋ ಎಂದು. ಆಗಿರಲಿಲ್ಲ. ಅವನು ಬೇಕೆಂದೇ ಹಾಗೆ ಜೋಡಿಸಿದ್ದ.

ಪ್ರಾರ್ಥನೆಯ ಎರಡನೆಯ ಭಾಗ ಹತ್ತನೆಯ ಹಾಡಾಗಿ ಮರಳಿ ಬರುತ್ತದೆ, ಈ ಸಲ ಎಂಎನ್‌ಇಕೆ ಎಂಬ ಗಾಯಕನ ಜೊತೆ, ಚರ್ಚಿನ ಗಾಯನವೃಂದದಂಥ ಕ್ವಾಯರ್ ಸಮೇತ. ಅದಾದ ತಕ್ಷಣ ಮತ್ತೆ ಗ್ರೈಮ್, ‘ರಿಟರ್ನ್ ಆಫ್ ದ ರಕ್‌ಸ್ಯಾಕ್’. ‘100 ಬ್ಯಾಗ್ಸ್’ ತಾಯಿಗೆ. ಹದಿನೈದನೆಯದು ಪಾರ್ಕಿನ ‘ಷಟ್ ಅಪ್’. ಕೊನೆಯದು ‘ಲೇ ಮಿ ಬೇರ್’, ಜೊತೆಗಿರದ ಅಪ್ಪನ ಮೇಲಿನ ಸಿಟ್ಟು, ತನ್ನ ಖಿನ್ನತೆ ಎಲ್ಲವನ್ನೂ ಬಿಚ್ಚಿಟ್ಟದ್ದು. ಜಗತ್ತಿಗೆ ಬಾಯಿ ಮುಚ್ಚು ಅಂದವನು ಮುಂದಿನ ಹಾಡಿನಲ್ಲೇ ತನ್ನ ಬಾಯಿ ಬಿಡುತ್ತಾನೆ. ಈ ಎರಡನ್ನು ಅಕ್ಕಪಕ್ಕ ಇಟ್ಟದ್ದು ಇಡೀ ಆಲ್ಬಮ್ಮಿನಲ್ಲಿ ನನಗೆ ತುಂಬ ಹಿಡಿಸಿದ ತೀರ್ಮಾನ.

ಹಾಗಾದರೆ ಇದು ಗ್ರೈಮ್ ಆಲ್ಬಮ್ಮೇ? ಗ್ರೈಮ್‌ನ ಕಟ್ಟಾಳುಗಳು ಆಗಲೇ ಈ ಪ್ರಶ್ನೆ ಎತ್ತಿದ್ದರು. ಎಣಿಸಿ ನೋಡಿದರೆ ಅರ್ಧಕ್ಕರ್ಧ ಹಾಡು ಗ್ರೈಮ್ ಅಲ್ಲ. ಚರ್ಚಿನ ಭಕ್ತಿ ಸಂಗೀತವಾದ ಗಾಸ್ಪೆಲ್, ಆರ್ ಅಂಡ್ ಬಿ, ಕೆಹ್ಲಾನಿ ಜೊತೆ ಪ್ರೇಮಗೀತೆ. ನಡುವೆ ಆಲ್ಬಂ ಸ್ವಲ್ಪ ಜೋಲುವುದೂ ನಿಜ, ಪ್ರೇಮದ ಹಾಡುಗಳಲ್ಲಿ ಅವನ ಮಾತು ಅಷ್ಟು ಹರಿತವಲ್ಲ. ಆದರೆ 2009ರ ಹುಡುಗರೂ ಗ್ರೈಮ್ ಬಿಟ್ಟೇ ಹಾಡಿದ್ದರು. ಅವರು ಬಿಟ್ಟು ಹೋದದ್ದು ಯಾರದೋ ಡಾನ್ಸ್ ಫ್ಲೋರಿಗೆ. ಇವನು ಹೋದದ್ದು ಚಿಕ್ಕಂದಿನಲ್ಲಿ ಅಮ್ಮನ ಜೊತೆ ಕೂತಿದ್ದ ಚರ್ಚಿಗೆ. ಇನ್ನೊಬ್ಬರ ಮನೆಗೆ ಹೋಗಿ ಕುಣಿದವನನ್ನು ಜನ ನೋಡಿ ನಗುತ್ತಾರೆ, ತನ್ನ ಮನೆಯ ಇನ್ನೊಂದು ಕೋಣೆ ತೆರೆದು ತೋರಿಸಿದವನ ಹಿಂದೆ ಒಳಗೆ ಬರುತ್ತಾರೆ. ‘ಬ್ಲೈಂಡೆಡ್’ ಎರಡನೆಯ ಭಾಗ ಅದೇ ವರ್ಷದ ಕೊನೆಗೆ ಸಿಂಗಲ್ ಆಗಿ 7ನೇ ಸ್ಥಾನಕ್ಕೆ ಹೋಯಿತು. ಗ್ರೈಮ್ ರ‍್ಯಾಪರ್‌ನ ಭಕ್ತಿಗೀತೆ ಟಾಪ್ ಟೆನ್‌ನಲ್ಲಿ!

‘ಸ್ವತಂತ್ರ’ ಎಂಬ ಮಾತು

ಈ ಆಲ್ಬಂ ಬಗ್ಗೆ ಬರೆಯುವವರು ‘ಸ್ವತಂತ್ರ ಕಲಾವಿದ’ ಎಂಬ ಪದವನ್ನು ಧಾರಾಳವಾಗಿ ಬಳಸುತ್ತಾರೆ. ಸ್ವಲ್ಪ ನಿಲ್ಲಬೇಕು. ಹಾಡುಗಳು ಹೊರಬಂದದ್ದು ಅವನ ಸ್ವಂತ ‘ಮರ್ಕಿ’ ಲೇಬಲ್‌ನಿಂದ, ನಿಜ. ಆದರೆ ಅಂಗಡಿಗೆ, ಆ್ಯಪ್‌ಗಳಿಗೆ ತಲುಪಿಸಿದ್ದು ವಾರ್ನರ್ ಬಳಗದ ವಿತರಣಾ ಸಂಸ್ಥೆ ಎಡಿಎ. ಬೆಳೆ ನಿನ್ನದು, ಲಾರಿ ನಮ್ಮದು ಎಂಬಂಥ ಒಪ್ಪಂದ. ಮಾಮೂಲಿ ಲೇಬಲ್ ಒಪ್ಪಂದದಲ್ಲಿ ಹೊಲವೂ ಅವರದ್ದೇ ಆಗುತ್ತದೆ, ಏನು ಬಿತ್ತಬೇಕು ಎಂದು ಹೇಳುವವರೂ ಅವರೇ. ಅದರ ಮುಂದಿನ ವರ್ಷ ಅವನು ಇದೇ ಬಳಗದ ಅಟ್ಲಾಂಟಿಕ್ ಜೊತೆ ಕೈಜೋಡಿಸಿದ. ದೊಡ್ಡ ಕಂಪನಿಗಳ ಮೇಲೆ ಅವನಿಗೆ ತಾತ್ವಿಕ ಹಗೆ ಇರಲಿಲ್ಲ. ಮೊದಲ ಆಲ್ಬಂ ಮುಗಿಯುವವರೆಗೆ ಯಾರೂ ಅಡುಗೆಮನೆಗೆ ಬರಬಾರದಿತ್ತು, ಅಷ್ಟೇ. ಸ್ಕೆಪ್ಟಾ 2016ರಲ್ಲಿ ತನ್ನ ಬಳಗದ ಲೇಬಲ್‌ನಿಂದಲೇ ಬಿಟ್ಟ ‘ಕೊನ್ನಿಚಿವಾ’ 2ನೇ ಸ್ಥಾನ ತಲುಪಿ, ಮರ್ಕ್ಯುರಿ ಗೆದ್ದು ಈ ದಾರಿಯಲ್ಲಿ ನಡೆಯಬಹುದೆಂದು ತೋರಿಸಿದ್ದ. ಆ ಋಣವನ್ನು ಬಿಟ್ಟು ಈ ಕತೆ ಹೇಳುವುದು ತಪ್ಪು.

ಆಮೇಲೆ

2017ರ ಮರ್ಕ್ಯುರಿ ಪ್ರಶಸ್ತಿ ಪಟ್ಟಿಯಲ್ಲಿ ಆಲ್ಬಂ ಇತ್ತು, ಗೆದ್ದದ್ದು ಸಾಂಫಾ. ನವೆಂಬರ್‌ನಲ್ಲಿ ಪೊಲೀಸರು ಫಾರ್ಮ್ 696ನ್ನು ರದ್ದು ಮಾಡಿದರು. ಅದಕ್ಕೆ ಈ ಆಲ್ಬಮ್ಮೇ ಕಾರಣ ಎಂದರೆ ಉತ್ಪ್ರೇಕ್ಷೆಯಾಗುತ್ತದೆ, ಹೋರಾಟ ಅದಕ್ಕಿಂತ ಹಳೆಯದು. ಬ್ರಿಟ್ ಪ್ರಶಸ್ತಿಯವರೂ ಬದಲಾಗಿದ್ದರು. 2016ರ ಪಟ್ಟಿಯಲ್ಲಿ ಕಪ್ಪು ಬ್ರಿಟಿಷ್ ಕಲಾವಿದರು ಕಾಣದೇ ಹೋದಾಗ ಎದ್ದ ಕೂಗಿನಲ್ಲಿ ಸ್ಟಾರ್ಮ್‌ಜಿಯ ದನಿಯೂ ಇತ್ತು. ಅದರ ನಂತರ ಮತದಾರರ ಪಟ್ಟಿಗೆ ನೂರಾರು ಹೊಸಬರನ್ನು ಸೇರಿಸಿಕೊಂಡರು.

2018ರ ಫೆಬ್ರವರಿ 21. ಮತ್ತೆ ಓ2 ಅರೇನಾ. ವರ್ಷದ ಬ್ರಿಟಿಷ್ ಆಲ್ಬಂ ಪ್ರಶಸ್ತಿಗೆ ಐದು ಹೆಸರು: ದುವಾ ಲೀಪಾ, ಜೆ ಹಸ್, ಸ್ಟಾರ್ಮ್‌ಜಿ, ಜೊತೆಗೆ ಹಿಂದಿನ ವರ್ಷ ಚಾರ್ಟಿನಲ್ಲಿ ಅವನ ಎಡಬಲಕ್ಕಿದ್ದ ರ‍್ಯಾಗ್‌ನ್‌ಬೋನ್ ಮ್ಯಾನ್ ಮತ್ತು ಎಡ್ ಶೀರನ್. ಮಾರಾಟದಲ್ಲಿ ಅವರಿಬ್ಬರೂ ಅವನಿಗಿಂತ ಬಹಳ ಮುಂದಿದ್ದವರು. ಪ್ರಶಸ್ತಿ ಬಂದದ್ದು ಸ್ಟಾರ್ಮ್‌ಜಿಗೆ. ಅತ್ಯುತ್ತಮ ಬ್ರಿಟಿಷ್ ಗಾಯಕ ಪ್ರಶಸ್ತಿಯೂ ಅವನಿಗೇ.

ಕಾರ್ಯಕ್ರಮದ ಕೊನೆಗೆ ಹಾಡಲು ಬಂದ. ವೇದಿಕೆ ಮೇಲೆ ಕೃತಕ ಮಳೆ ಸುರಿಯುತ್ತಿತ್ತು. ‘ಬ್ಲೈಂಡೆಡ್ ಬೈ ಯುವರ್ ಗ್ರೇಸ್’ ಹಾಡಿ, ನಡುವೆ ನಿಲ್ಲಿಸಿ, ಹಾಡಿನಲ್ಲಿಲ್ಲದ ಸಾಲು ಶುರು ಮಾಡಿದ. ಹಿಂದಿನ ಜೂನ್‌ನಲ್ಲಿ ಪಶ್ಚಿಮ ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿದು 72 ಜನ ಸತ್ತಿದ್ದರು. ಅವರಿಗೆಂದು ಎತ್ತಿಟ್ಟ ಹಣ ಎಲ್ಲಿ ಹೋಯಿತು ಎಂದು ಪ್ರಧಾನಿ ಥೆರೆಸಾ ಮೇ ಅವರ ಹೆಸರು ಹಿಡಿದು ಕೇಳಿದ. ಮರುದಿನ ಪ್ರಧಾನಿ ಕಚೇರಿಯ ವಕ್ತಾರರು ಉತ್ತರ ಕೊಡಬೇಕಾಗಿ ಬಂತು.

ಆ ರಾತ್ರಿ ಅವನ ಬೆನ್ನ ಹಿಂದೆಯೂ ಒಂದು ದಂಡು ಇತ್ತು, ಸಾಲುಸಾಲಾಗಿ, ಎಲ್ಲರ ಮುಖಕ್ಕೂ ಬಾಲಾಕ್ಲಾವಾ.